ತಟ್ಟೆಯೂ ತಾಳೆಗರಿಯೂ

ಆಟಿಯ ಮಳೆ ಹಿಂದೆ ಸರಿದು ಸೋಣ ತಿಂಗಳ ಎಳೆಬಿಸಿಲು ಕಾಣಿಸಿಕೊಂಡಿತೆಂದರೆ, ಬಂಟವಾಳದ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಸಾಮಾನುಗಳು ಒಂದೊಂದಾಗಿ ಅಂಗಳಕ್ಕೆ ಇಳಿಯತೊಡಗುತ್ತವೆ. ಬೂಸಲು ಹಿಡಿದ ಹಾಸಿಗೆ, ಕಿಲುಬೇರಿದ ಕಂಚಿನ ಪಾತ್ರೆ, ಹುಳು ಕೊರೆದ ಪಂಚಾಂಗದ ಕಟ್ಟು—ಇವುಗಳ ನಡುವೆ ಕೆಲವು ಮನೆಗಳಲ್ಲಿ ಒಂದು ಮರದ ಪೆಟ್ಟಿಗೆಯೂ ಹೊರಬರುತ್ತದೆ. ಅದರೊಳಗೆ, ಕಂದು ಕಾಗದದ ಚೀಲಗಳಲ್ಲಿ, ದೋಸೆಯ ಕಾವಲಿಯಷ್ಟು ಅಗಲದ ಕರಿಯ ತಟ್ಟೆಗಳು. ಮನೆಯ ಮೊಮ್ಮಗ ಅವನ್ನು ಕಂಡೊಡನೆ, “ಇದೆಲ್ಲ ಸಿ.ಡಿ.ಯಲ್ಲಿ ಬಂದಿದೆ, ಗುಜರಿಯವನಿಗೆ ಕೊಟ್ಟರಾಯಿತು” ಎನ್ನುತ್ತಾನೆ. ಜಗಲಿಯಲ್ಲಿ ಕುಳಿತ ಅಜ್ಜಿ, “ಅದರಲ್ಲಿರುವುದು ಇದಲ್ಲ” ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ.

ಇಬ್ಬರಲ್ಲಿ ಯಾರ ಮಾತು ಸರಿ? ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ನೇತ್ರಾವತಿ 1923ರಲ್ಲಿ ಒಮ್ಮೆ, 1974ರಲ್ಲಿ ಇನ್ನೊಮ್ಮೆ ಉಕ್ಕಿ ಊರೊಳಗೆ ನುಗ್ಗಿದ್ದನ್ನು ಕಂಡ ಪೇಟೆ ಇದು. ನೆರೆ ಬಂದಾಗ ಅಟ್ಟಕ್ಕೇರಿಸಿ ಉಳಿಸಿಕೊಂಡ ವಸ್ತುವನ್ನು ಬಿಸಿಲಿನ ದಿನ ಗುಜರಿಗೆ ಹಾಕುವ ಮೊದಲು, ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ನ್ಯಾಯ.

ಅರಗಿನಲ್ಲಿ ಅಡಗಿದ ದನಿ

ಅಟ್ಟದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಜಾತಿಯ ತಟ್ಟೆಗಳು ಸಿಗುತ್ತವೆ. ಭಾರವಾಗಿ, ಕೈತಪ್ಪಿದರೆ ಮಡಕೆಯಂತೆ ಒಡೆಯುವಂಥವು ಮೊದಲನೆಯ ಜಾತಿ. ಅವನ್ನು ಮಾಡಿದ್ದು ಅರಗಿನ ಹುಳು ಕೊಡುವ ಅರಗಿಗೆ ನುಣ್ಣನೆಯ ಕಲ್ಲಿನ ಪುಡಿಯನ್ನು ಬೆರೆಸಿ. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ನಿಮಿಷಗಳ ಹಾಡು ಹಿಡಿಯುತ್ತಿತ್ತು. ಹಗುರವಾಗಿ, ಬಾಗಿದರೂ ಒಡೆಯದ ವಿನೈಲ್ ತಟ್ಟೆಗಳು ಎರಡನೆಯ ಜಾತಿ. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ಹೊರತಂದ ಈ ‘ಲಾಂಗ್ ಪ್ಲೇ’ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗಿ, ಮಗ್ಗುಲಿಗೆ ಇಪ್ಪತ್ತು ನಿಮಿಷಗಳಿಗೂ ಮೀರಿ ಹಾಡುತ್ತಿತ್ತು.

ನಮ್ಮ ದೇಶದಲ್ಲಿ ಈ ಕತೆ ಆರಂಭವಾದದ್ದು 1902ರ ನವೆಂಬರದಲ್ಲಿ, ಕಲಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕನು ಇಟ್ಟ ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗೌಹರ್ ಜಾನ್ ಹಾಡಿದಳು. ಹಾಡು ಮುಗಿದೊಡನೆ, ತನ್ನ ಹೆಸರು ಗೌಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಆಕೆಯ ಪದ್ಧತಿ. ಅದು ಬಿನ್ನಾಣವಲ್ಲ. ಅಚ್ಚು ಹೋಗಬೇಕಾಗಿದ್ದದ್ದು ಜರ್ಮನಿಯ ಹಾನೋವರ್ ಪಟ್ಟಣಕ್ಕೆ. ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಬೇಕಲ್ಲ! 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿಯೇ ತಟ್ಟೆಯ ಕಾರ್ಖಾನೆ ಬಂದಿತು; ಮುಂದೆ 1928ರಲ್ಲಿ ಅದು ಡಂಡಂಗೆ ಸ್ಥಳಾಂತರಗೊಂಡಿತು. ಅದೇ 1928ರಲ್ಲಿ ಗೌಹರ್ ಜಾನ್ ಮೈಸೂರಿನ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಅಲ್ಲಿಯೇ ಕಣ್ಣುಮುಚ್ಚಿದಳು. ದೇಶಕ್ಕೆಲ್ಲ ಕೇಳಿಸಿದ ಆ ದನಿ ಕನ್ನಡದ ಮಣ್ಣಿನಲ್ಲಿ ಅಡಗಿತೆಂಬುದನ್ನು ನೆನೆದಾಗ, ತಟ್ಟೆಯ ಕೊನೆಯ ಆ ಕೂಗು ಬೇರೆಯೇ ಆಗಿ ಕೇಳಿಸುತ್ತದೆ. ಈಗ ಯಾರಾದರೂ ಆ ತಟ್ಟೆಯನ್ನು ಶುದ್ಧಗೊಳಿಸುವಾಗ, ಹಾಡಿಗೆ ಸೇರದ ಮಾತೆಂದು ಕೊನೆಯ ಎರಡು ಸೆಕೆಂಡುಗಳನ್ನು ಕತ್ತರಿಸಿದರೆ? ಸಂಗೀತಕ್ಕೆ ಕುಂದಾಗಲಿಕ್ಕಿಲ್ಲ, ಚರಿತ್ರೆಗೆ ಮಾತ್ರ ಕುಂದೇ ಸರಿ.

ಸಿ.ಡಿ.ಯ ಹಿರಿಮೆ

ಹಳೆಯದೆಲ್ಲ ಹೊನ್ನು ಎಂಬ ಭಾವುಕತೆ ಇಲ್ಲಿ ಸಲ್ಲದು. 1982ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಸಿ.ಡಿ., ತಟ್ಟೆಯ ಹಲವು ದೋಷಗಳಿಗೆ ನಿಜವಾದ ಮದ್ದು. ಅದು ಶಬ್ದದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಹೊಂದಿಸಿ, ಅಂಕಿಗಳಾಗಿ ಬರೆದಿಡುತ್ತದೆ. ಓದುವುದು ಬೆಳಕಿನ ಕಿರಣವಾದುದರಿಂದ ಎಷ್ಟು ಸಲ ಕೇಳಿದರೂ ಸವೆತವಿಲ್ಲ. ತಟ್ಟೆಯಾದರೋ ಪ್ರತಿ ಸಲ ಹಾಡಿದಾಗಲೂ ಕೂದಲೆಳೆಯಷ್ಟು ಸವೆಯುತ್ತದೆ. ತನ್ನನ್ನು ಪ್ರೀತಿಸುವವರಿಂದಲೇ ಅದಕ್ಕೆ ಹೆಚ್ಚಿನ ಹಾನಿ!

ಇನ್ನೊಂದು ದೋಷವೂ ಉಂಟು. ಲಾಂಗ್ ಪ್ಲೇ ತಟ್ಟೆಯ ಹೊರ ಅಂಚಿನಲ್ಲಿ ಗೆರೆಯು ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ, ಒಳ ಅಂಚಿಗೆ ಬರುವ ಹೊತ್ತಿಗೆ ಆ ಓಟ 20 ಸೆಂಟಿಮೀಟರಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಮೆ ಜಾಗದಲ್ಲಿ ಒತ್ತೊತ್ತಾಗಿ ಕೂರಬೇಕಾದ್ದರಿಂದ, ತಾರಸ್ಥಾಯಿಯ ಹೊಳಪು ಮಸುಕಾಗುತ್ತದೆ. ಗಾಯಕನು ದ್ರುತಲಯಕ್ಕೇರಿ ತಾನಗಳ ಮಳೆಗರೆಯುವುದೂ ಮಗ್ಗುಲಿನ ಈ ಕೊನೆಯ ಭಾಗದಲ್ಲಿಯೇ ಎಂಬುದು ದುರ್ದೈವ. ಸಿ.ಡಿ.ಗೆ ಈ ಕಷ್ಟವಿಲ್ಲ. ಓಟ ಎಲ್ಲೆಡೆಯೂ ಒಂದೇ ಆಗಿರುವಂತೆ ಅದು ತನ್ನ ಸುತ್ತಿನ ವೇಗವನ್ನೇ ಬದಲಿಸಿಕೊಳ್ಳುತ್ತದೆ.

ಹಾಗಾದರೆ ಮೊಮ್ಮಗನ ಮಾತೇ ಸರಿಯಾಯಿತಲ್ಲ ಎಂದು ವಾಚಕರು ಕೇಳಬಹುದು. ತೊಡಕಿರುವುದು ಸಿ.ಡಿ.ಯಲ್ಲಿ ಅಲ್ಲ, ತಟ್ಟೆಯಿಂದ ಸಿ.ಡಿ.ಗೆ ಬರುವ ದಾರಿಯಲ್ಲಿ. ಆ ದಾರಿಯಲ್ಲಿ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಅವನ ಕೆಲಸಕ್ಕೆ ರೀಮಾಸ್ಟರಿಂಗ್, ಎಂದರೆ ಪುನಃಸಂಸ್ಕಾರ, ಎಂದು ಹೆಸರು.

ನಾಲ್ಕು ತೀರ್ಮಾನಗಳು

ಪುನಃಸಂಸ್ಕಾರದಲ್ಲಿ ಮುಖ್ಯವಾಗಿ ನಾಲ್ಕು ತೀರ್ಮಾನಗಳಿವೆ. ಮೊದಲನೆಯದು ವೇಗ. 78 ಸುತ್ತಿನ ತಟ್ಟೆಗಳೆಂದು ಕರೆದರೂ ಆರಂಭದ ದಿನಗಳಲ್ಲಿ ಎಲ್ಲವೂ ಕರಾರುವಾಕ್ಕಾಗಿ 78ರಲ್ಲಿಯೇ ಮುದ್ರಿತವಾಗಲಿಲ್ಲ. 78 ಸುತ್ತಿನಲ್ಲಿ ಮುದ್ರಿಸಿದ್ದನ್ನು 82½ರ ಆಸುಪಾಸಿನಲ್ಲಿ ತಿರುಗಿಸಿದರೆ ಶ್ರುತಿ ಒಂದು ಮನೆ ಮೇಲೇರಿ, ಬಿಳಿ ಒಂದರಲ್ಲಿ ಹಾಡಿದವರು ಕಪ್ಪು ಒಂದರಲ್ಲಿ ಹಾಡಿದಂತೆ ಕೇಳಿಸುತ್ತದೆ. ಲಯವೂ ಚುರುಕಾಗುತ್ತದೆ, ದನಿಯ ವಯಸ್ಸೂ ಇಳಿಯುತ್ತದೆ.

ಎರಡನೆಯದು ನಾದದ ಸಮತೋಲ. ತಟ್ಟೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುವುದು, ನುಡಿಸುವಾಗ ಅದನ್ನು ತಿರುಗುಮುರುಗು ಮಾಡುವುದು ರೂಢಿ. ಇದಕ್ಕೆ ಎಲ್ಲರೂ ಒಪ್ಪುವ ಅಳತೆ ಬಂದದ್ದು 1954ರ ಸುಮಾರಿಗೆ. ಅದಕ್ಕೆ ಮುಂಚೆ ಒಂದೊಂದು ಕಂಪನಿಗೆ ಒಂದೊಂದು ಪದ್ಧತಿ. ತಪ್ಪು ಪದ್ಧತಿಯನ್ನು ಆರಿಸಿಕೊಂಡವನು ತುಂಬುದನಿಯ ಗಾಯಕನನ್ನು ಕೀರಲುದನಿಯವನನ್ನಾಗಿಯೂ ಮಾಡಬಲ್ಲ.

ಮೂರನೆಯದು ಗದ್ದಲ. ತಟ್ಟೆಯ ‘ಸುರ್’ ಎಂಬ ಸದ್ದನ್ನು ಯಂತ್ರದಿಂದ ಅಳಿಸುವುದು ಈಗ ಸುಲಭ. ಆದರೆ ತಂಬೂರಿಯ ಜೀವಾಳದಿಂದ ಹೊಮ್ಮುವ ಸೂಕ್ಷ್ಮ ಝೇಂಕಾರವೂ ಗಾಯಕನ ಉಸಿರೂ ಅದೇ ಸುರ್‌ಕಾರದ ನೆರೆಯಲ್ಲಿ ವಾಸವಾಗಿವೆ. ಕಳೆ ಕೀಳುವ ಭರದಲ್ಲಿ ಪೈರಿಗೂ ಕೈ ಹಾಕಿದರೆ, ಉಳಿಯುವುದು ಸ್ವಚ್ಛವಾದ, ಜೀವವಿಲ್ಲದ ದನಿ.

ನಾಲ್ಕನೆಯದು ಗಟ್ಟಿತನ. ಬೆಳ್ತಂಗಡಿಯ ಕಡೆಯ ಬಯಲಿನಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಕ್ಕಸನ ಪ್ರವೇಶಕ್ಕೆ ಚೆಂಡೆ ಗುಡುಗಿ, ಗದ್ದೆಯಾಚೆಯ ಗುಡ್ಡಕ್ಕೂ ಮುಟ್ಟುತ್ತದೆ. ಅದೇ ರಾತ್ರಿ ಕರುಣರಸದ ಪದ್ಯಕ್ಕೆ ಚೆಂಡೆ ಮೌನವಾಗಿ, ಮದ್ದಳೆಯ ಮೆಲುನುಡಿಯ ಮೇಲೆ ಭಾಗವತರ ದನಿ ಎಳೆಯಾಗಿ ಇಳಿಯುತ್ತದೆ. ಆ ಗುಡುಗಿಗೂ ಈ ಎಳೆಗೂ ನಡುವಿನ ಅಂತರದಲ್ಲಿಯೇ ಆಟದ ಪ್ರಾಣವಿದೆ. ಯಾರಾದರೂ ಎರಡನ್ನೂ ಒಂದೇ ಎತ್ತರಕ್ಕೆ ತಂದು ಕೇಳಿಸಿದರೆ ಕಿವಿಗೆ ಮೊದಲು ಬಲವಾದಂತೆನಿಸೀತು; ಹತ್ತು ನಿಮಿಷದೊಳಗೆ ಬೇಸರ ಬಂದೀತು. 1990ರ ದಶಕದಿಂದೀಚೆಗೆ ಲೋಕದ ಹಲವು ಸಿ.ಡಿ.ಗಳಿಗೆ ಆದದ್ದು ಇದೇ. 2008ರಲ್ಲಿ ಮೆಟಾಲಿಕಾ ಎಂಬ ತಂಡದ ಮುದ್ರಿಕೆಯನ್ನು ಅತಿಯಾಗಿ ಗಟ್ಟಿಗೊಳಿಸಿದರೆಂದು ಕೇಳುಗರೇ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸಹಿ ಹಾಕಿ ಪ್ರತಿಭಟಿಸಿದರು. ಸಿ.ಡಿ.ಗೆ ತಟ್ಟೆಗಿಂತ ಹೆಚ್ಚಿನ ಅಂತರವನ್ನು ಹಿಡಿಯುವ ಶಕ್ತಿಯುಂಟು; ಆ ಶಕ್ತಿಯನ್ನೇ ಬಳಸದೆ ಬಿಟ್ಟದ್ದು ಯಂತ್ರದ ತಪ್ಪಲ್ಲ, ಮನುಷ್ಯನ ಅವಸರ.

ಗಾಂಧಾರಿಯ ದನಿ

ಈ ತೀರ್ಮಾನಗಳು ಎಷ್ಟು ಹೊಣೆಯವೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ನಿದರ್ಶನವಿದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡ ಗಂಗೂಬಾಯಿ ಹಾನಗಲ್ಲರ ದನಿ ಎಂದರೆ ಎಲ್ಲರಿಗೂ ನೆನಪಾಗುವುದು ಆ ಗಂಭೀರವಾದ, ಗಂಡುದನಿಯೆಂದೇ ಭ್ರಮೆ ಹುಟ್ಟಿಸುವ ತುಂಬುಕಂಠ. ಆದರೆ 1930ರ ದಶಕದಲ್ಲಿ ಅವರು ತಮ್ಮ ಹುಟ್ಟುಹೆಸರಾದ ಗಾಂಧಾರಿ ಎಂಬ ಹೆಸರಿನಲ್ಲಿ ಎಚ್.ಎಂ.ವಿ. ತಟ್ಟೆಗಳಿಗೆ ಹಾಡಿದಾಗ ಕೇಳಿಸಿದ್ದು ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಗಂಟಲ ಬೇನೆಯೂ ಅದರ ಚಿಕಿತ್ಸೆಯೂ ಆ ದನಿಯನ್ನು ಬದಲಿಸಿದವು. ಬದಲಾದ ದನಿಗೆ ತಕ್ಕ ಗಾಯನವನ್ನು ಅವರು ತಪಸ್ಸಿನಂತೆ ಸಾಧಿಸಿಕೊಂಡದ್ದು ನಾಡಿನ ಭಾಗ್ಯ. ಆದರೆ ಮೊದಲಿನ ದನಿ ಮತ್ತೆ ಬರಲಿಲ್ಲ. ಅದು ಉಳಿದಿರುವುದು ಆ ಅರಗಿನ ತಟ್ಟೆಗಳಲ್ಲಿ ಮಾತ್ರ.

ಈಗ, ಹಿಂದಿನ ಕತೆಯನ್ನರಿಯದ ಒಬ್ಬ ಪುನಃಸಂಸ್ಕಾರಕನ ಕೈಗೆ ಈ ತಟ್ಟೆ ಸಿಕ್ಕಿತೆಂದು ಭಾವಿಸೋಣ. ಗಂಗೂಬಾಯಿಯವರ ದನಿ ಇಷ್ಟು ಎತ್ತರವಿರಲು ಸಾಧ್ಯವಿಲ್ಲ, ತಟ್ಟೆಯ ವೇಗವೇ ತಪ್ಪಿರಬೇಕು ಎಂದು ಅವನು ತರ್ಕಿಸಬಹುದು. ವೇಗವನ್ನು ಇಳಿಸಿ ದನಿಯನ್ನು ‘ಸರಿಪಡಿಸ’ಬಹುದು. ಸದುದ್ದೇಶದಿಂದಲೇ ಒಂದು ದನಿ ಲೋಕದಿಂದ ಎರಡನೆಯ ಸಲ ಮಾಯವಾದೀತು. ಅಂದು ಅವನ ತಪ್ಪನ್ನು ತೋರಿಸಿಕೊಡಬಲ್ಲ ಸಾಕ್ಷಿ ಒಂದೇ: ಯಾರದೋ ಅಟ್ಟದಲ್ಲಿ ಒಡೆಯದೆ ಉಳಿದಿರುವ ಮೂಲ ತಟ್ಟೆ.

ಮೂಡಬಿದಿರೆಯ ಪಾಠ

ಬಂಟವಾಳದಿಂದ ದೂರವೇನೂ ಇಲ್ಲದ ಮೂಡಬಿದಿರೆಗೆ ಈ ವಿವೇಕ ಹೊಸದಲ್ಲ. ಸಾವಿರ ಕಂಬದ ಬಸದಿಯನ್ನು ನೋಡಲು ಹೋದವರಲ್ಲಿ ಹಲವರು ಅಲ್ಲಿನ ಸಿದ್ಧಾಂತ ಬಸದಿಯನ್ನೂ ಕಂಡಿರುತ್ತಾರೆ. ಷಟ್ಖಂಡಾಗಮವೆಂಬ ಪ್ರಾಚೀನ ಜೈನಾಗಮವೂ ಅದಕ್ಕೆ 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ‘ಧವಲಾ’ ಎಂಬ ವ್ಯಾಖ್ಯಾನವೂ ಶತಮಾನಗಳ ಕಾಲ ಉಳಿದುಬಂದದ್ದು ಅಲ್ಲಿ; ಪ್ರಾಕೃತ ಸಂಸ್ಕೃತಗಳ ಆ ಗ್ರಂಥಗಳು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿದ್ದವು. ಬಹುಕಾಲ ಅವು ಓದುವ ಪುಸ್ತಕಗಳಾಗಿರದೆ ದರ್ಶನದ ವಸ್ತುಗಳಾಗಿದ್ದವು. 1896ರಲ್ಲಿ ಆರಂಭವಾದ ಪ್ರತಿ ಮಾಡುವ ಕೆಲಸ ಮುಗಿದದ್ದು 1922ರಲ್ಲಿ. ಈ ನಡುವೆ ಗುಟ್ಟಾಗಿ ಮಾಡಿಕೊಂಡ ಒಂದು ಪ್ರತಿಯೂ ಉತ್ತರದೇಶವನ್ನು ಸೇರಿ, ಪ್ರತಿಯಿಂದ ಪ್ರತಿ ಬೆಳೆಯಿತು. ಅಂಥ ಪ್ರತಿಗಳ ಆಧಾರದಿಂದ ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟವನ್ನು ಅಚ್ಚುಮಾಡಿಸಿದರು. ಇಡೀ ಗ್ರಂಥ 16 ಸಂಪುಟಗಳಲ್ಲಿ ಮುಗಿಯಿತು.

ಆ ಮೊದಲ ಸಂಪುಟದ 93ನೆಯ ಸೂತ್ರದಲ್ಲಿ, ಸ್ತ್ರೀಯರು ಏರಬಹುದಾದ ಆಧ್ಯಾತ್ಮಿಕ ಮೆಟ್ಟಿಲುಗಳ ಎಣಿಕೆ ಬರುತ್ತದೆ. ಸಂಪಾದಕರ ಮುಂದಿದ್ದ ಪ್ರತಿಗಳಲ್ಲಿ ಎಣಿಕೆ ಒಂದೆಡೆ ನಿಂತುಹೋಗಿತ್ತು. ಮುಂದಿನ ವ್ಯಾಖ್ಯಾನವನ್ನು ನೋಡಿದರೆ ಅಲ್ಲಿ ‘ಸಂಜದ’, ಎಂದರೆ ಸಂಯತ, ಎಂಬ ಇನ್ನೊಂದು ಪದ ಇರಲೇಬೇಕೆಂದು ಅವರಿಗೆ ತೋರಿತು. ಆ ಪದ ಇದ್ದರೆ ಸೂತ್ರಕ್ಕೆ ಒಂದು ತಾತ್ಪರ್ಯ, ಇಲ್ಲದಿದ್ದರೆ ಇನ್ನೊಂದು. ಪಂಡಿತರಲ್ಲಿ ದೊಡ್ಡ ವಿವಾದವೇ ಎದ್ದಿತು. ಸಂಪಾದಕರಾದರೋ ಆ ಪದವನ್ನು ಸೂತ್ರದೊಳಗೆ ಸದ್ದಿಲ್ಲದೆ ಸೇರಿಸಲಿಲ್ಲ. ಇಲ್ಲಿ ಹೀಗಿರಬೇಕೆಂದು ತೋರುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಮಾತ್ರ ಸೂಚಿಸಿದರು. ಮುಂದೆ ಮೂಡಬಿದಿರೆಯ ತಾಳೆಗರಿಗಳನ್ನು ಬಿಚ್ಚಿ ನೋಡಿದಾಗ ಆ ಪದ ಅಲ್ಲಿ ಇತ್ತು! ಪ್ರತಿಕಾರನ ಕಣ್ಣುತಪ್ಪಿನಿಂದ ಜಾರಿಹೋದದ್ದು ಮೂಲದಲ್ಲಿ ಹಾಗೆಯೇ ಕಾದು ಕುಳಿತಿತ್ತು.

ಅಚ್ಚಾದ ಸಂಪುಟಗಳು ಬಂದವೆಂದು ಆ ಮುರುಕು ಗರಿಗಳನ್ನು ಯಾರಾದರೂ ಹೊಳೆಗೆ ಬಿಟ್ಟಿದ್ದರೆ ಗತಿಯೇನಾಗುತ್ತಿತ್ತು? ಅಚ್ಚಿನ ಪುಸ್ತಕ ಬೇಡವಾಗಿತ್ತೆಂದು ಇದರ ಅರ್ಥವಲ್ಲ. ಪುಸ್ತಕವಿಲ್ಲದಿದ್ದರೆ ಆ ಸೂತ್ರವನ್ನು ಲೋಕ ಓದುತ್ತಲೇ ಇರಲಿಲ್ಲ, ಸಂಶಯ ಹುಟ್ಟುತ್ತಲೇ ಇರಲಿಲ್ಲ. ಓದಲು ಪುಸ್ತಕ, ಒರೆಗೆ ಹಚ್ಚಲು ತಾಳೆಗರಿ—ಎರಡೂ ಬೇಕು. ಕೇಳಲು ಸಿ.ಡಿ., ಒರೆಗೆ ಹಚ್ಚಲು ತಟ್ಟೆ ಎಂಬುದು ಇದೇ ನ್ಯಾಯ. ಒಳ್ಳೆಯ ಪುನಃಸಂಸ್ಕಾರಕನೂ ಒಳ್ಳೆಯ ಗ್ರಂಥಸಂಪಾದಕನಂತೆ, ತಾನು ಬಳಸಿದ ತಟ್ಟೆ ಯಾವುದು, ವೇಗವನ್ನು ಹೇಗೆ ನಿರ್ಣಯಿಸಿದೆ, ಏನನ್ನು ತೆಗೆದೆ ಎಂಬುದನ್ನು ಹೊದಿಕೆಯ ಮೇಲೆ ಬರೆಯುತ್ತಾನೆ. ನಮ್ಮ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು ಇರುವುದು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷಗಳ ವರೆಗೆ. ಅರಗಿನ ತಟ್ಟೆಗಳಲ್ಲಿ ಬಹುಪಾಲಿಗೆ ಆ ಅವಧಿ ಮುಗಿದುದರಿಂದ, ಅವನ್ನು ಬಲ್ಲವರೂ ಮರುಮುದ್ರಿಸಬಹುದು, ಬಲ್ಲದವರೂ ಮರುಮುದ್ರಿಸಬಹುದು. ಹೊದಿಕೆಯ ಮೇಲಿನ ನಾಲ್ಕು ಸಾಲುಗಳೇ ಇವರಿಬ್ಬರನ್ನೂ ಬೇರ್ಪಡಿಸುವ ಗುರುತು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಅನುಕೂಲವಿದ್ದವರು ಒಂದು ಸುಲಭ ಪರೀಕ್ಷೆಯನ್ನು ಮಾಡಿ ನೋಡಬಹುದು. ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಲಾಂಗ್ ಪ್ಲೇ ತಟ್ಟೆ ಹೊರಬಂದದ್ದು 1963ರಲ್ಲಿ. ಅದು ಮುಂದೆ ಕ್ಯಾಸೆಟ್ಟೂ ಆಯಿತು, ಸಿ.ಡಿ.ಯೂ ಆಯಿತು. ತಟ್ಟೆಯನ್ನೂ ಸಿ.ಡಿ.ಯನ್ನೂ ಒಂದೇ ಗಟ್ಟಿತನಕ್ಕೆ ಹೊಂದಿಸಿಕೊಂಡು, ಒಂದಾದ ಮೇಲೊಂದನ್ನು ಕೇಳಬೇಕು. ಗಟ್ಟಿಯಾದದ್ದು ಕಿವಿಗೆ ಯಾವಾಗಲೂ ಚೆನ್ನೆನಿಸುವುದರಿಂದ ಈ ಹೊಂದಿಕೆ ಅಗತ್ಯ. ಮುಖ್ಯ ಗಾಯನವನ್ನು ಬಿಟ್ಟು ಹಿಂದಿನ ತಂಬೂರಿಯ ಕಡೆಗೆ, ಜತೆಯಲ್ಲಿ ಹಾಡುವ ರಾಧಾ ವಿಶ್ವನಾಥನ್ ಅವರ ದನಿಯ ಕಡೆಗೆ, ಶ್ಲೋಕ ಶ್ಲೋಕಗಳ ನಡುವಿನ ಮೌನದ ಕಡೆಗೆ ಕಿವಿಗೊಡಬೇಕು. ಕೆಲವೆಡೆ ತಟ್ಟೆ ಗೆಲ್ಲಬಹುದು, ಕೆಲವೆಡೆ ಸಿ.ಡಿ. ಗೆಲ್ಲಬಹುದು. ಯಾವುದು ಗೆದ್ದರೂ, ಎರಡೂ ಒಂದೇ ಅಲ್ಲವೆಂಬುದು ಮನೆಮಂದಿಗೆಲ್ಲ ತಿಳಿದುಬರುತ್ತದೆ.

ತಟ್ಟೆಗಳನ್ನು ಉಳಿಸುವುದು ದುಬಾರಿಯ ಕೆಲಸವೇನೂ ಅಲ್ಲ. ಕರಾವಳಿಯಲ್ಲಿ ಅವಕ್ಕೆ ಮುಖ್ಯ ಶತ್ರು ತೇವ ಮತ್ತು ಬೂಸಲು. ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಸೋಣದ ಬಿಸಿಲಿಗೆ ನೇರವಾಗಿ ಒಡ್ಡಬಾರದು. ವಿನೈಲ್ ಬಾಗುತ್ತದೆ, ನೆರಳಿನ ಗಾಳಿಯೇ ಸಾಕು. ಅರಗಿನ ತಟ್ಟೆಯನ್ನು ಸ್ಪಿರಿಟಿನಿಂದ ಎಂದೂ ಒರಸಬಾರದು. ಅರಗು ಅದರಲ್ಲಿ ಕರಗುತ್ತದೆ. ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳಿನಡಿ ಲಾಂಗ್ ಪ್ಲೇ ತಟ್ಟೆಯನ್ನು ಇಟ್ಟರೆ ಒಂದೇ ಸಲಕ್ಕೆ ಅದರ ಗೆರೆಗಳು ಹಾಳಾಗುತ್ತವೆ. ಲೇಬಲಿನ ಮೇಲಿನ ಹೆಸರನ್ನೂ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಇನ್ನೂ ಉತ್ತಮ. ನೀರು ನುಗ್ಗಿದಾಗ ತಟ್ಟೆ ಉಳಿದರೂ ಲೇಬಲು ಕಳಚಿಹೋಗುತ್ತದೆ. ಹೆಸರಿಲ್ಲದ ಹಾಡು ತಬ್ಬಲಿ.

ಕಾಲಚಕ್ರವೂ ವಿಚಿತ್ರವಾದದ್ದು. ತಟ್ಟೆಯನ್ನು ಮೂಲೆಗೆ ತಳ್ಳಿದ ಸಿ.ಡಿ.ಯನ್ನು ಈಗ ಕೈಯೊಳಗಿನ ಫೋನು ಮೂಲೆಗೆ ತಳ್ಳಿದೆ. ಅಮೆರಿಕದಲ್ಲಿ 2022ರಲ್ಲಿ ಸಿ.ಡಿ.ಗಿಂತ ವಿನೈಲ್ ತಟ್ಟೆಗಳೇ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು. ನಾಳೆ ಇನ್ನಾವುದೋ ಬಂದೀತು, ಇವತ್ತಿಗಿಂತ ಜಾಣವಾದ ಯಂತ್ರ ಇನ್ನೂ ಚೆನ್ನಾಗಿ ಕಳೆ ಕಿತ್ತೀತು. ಆದರೆ ಅದು ಕೆಲಸವನ್ನು ಆರಂಭಿಸಬೇಕಾದದ್ದು ಮೂಲದಿಂದಲೇ. ಇಂದು ಮೂಲವನ್ನು ಎಸೆದವರು ಇಂದಿನ ಸಂಸ್ಕಾರಕನ ತಪ್ಪುಗಳನ್ನು ಶಾಶ್ವತವಾಗಿ ಒಪ್ಪಿಕೊಂಡಂತೆಯೇ.

ಆದುದರಿಂದ ಬಂಟವಾಳದ ಅಂಗಳದ ವ್ಯಾಜ್ಯದಲ್ಲಿ ಇಬ್ಬರನ್ನೂ ಅರ್ಧರ್ಧ ಗೆಲ್ಲಿಸಬೇಕಾಗುತ್ತದೆ. ಮೊಮ್ಮಗ ತನ್ನ ಸಿ.ಡಿ.ಯನ್ನು ಸಂತೋಷವಾಗಿ ಕೇಳಲಿ. ಅದರಲ್ಲಿ ಸುಖವೂ ಉಂಟು, ಸವೆತವೂ ಇಲ್ಲ. ಪೆಟ್ಟಿಗೆ ಮಾತ್ರ, ಒರಸಿ, ಹೆಸರು ಬರೆದು, ಮತ್ತೆ ಅಟ್ಟಕ್ಕೇರಲಿ. “ಅದರಲ್ಲಿರುವುದು ಇದಲ್ಲ” ಎಂದ ಅಜ್ಜಿಗೆ ಸೂತ್ರದ ಸಂಖ್ಯೆ ತಿಳಿದಿರಲಿಲ್ಲ, ಸುತ್ತಿನ ಲೆಕ್ಕವೂ ತಿಳಿದಿರಲಿಲ್ಲ. ಆಕೆ ಎಷ್ಟೋ ಮಳೆಗಾಲದ ಸಂಜೆಗಳಲ್ಲಿ ಆ ತಟ್ಟೆಯನ್ನು ಕೇಳಿದ್ದಳು, ಅಷ್ಟೆ.